ಊರು ಕಟ್ಟಿದ ದಾರಿ

‘ಮಾರ್ಗ’ ಎಂಬ ಶಬ್ದಕ್ಕೆ ‘ಮೃಗ’ವೇ ಮೂಲವೆಂದು ನಿಘಂಟುಕಾರರು ಹೇಳುತ್ತಾರೆ. ನೀರನ್ನರಸಿ ಹೊರಟ ಕಾಡುಮೃಗದ ಹೆಜ್ಜೆಯ ಜಾಡೇ ಆದಿಯ ಮಾರ್ಗ. ಆ ಜಾಡನ್ನು ಹಿಡಿದು ಮನುಷ್ಯನು ನಡೆದನು. ಅವನ ಹಿಂದೆ ಹೇರೆತ್ತು ನಡೆಯಿತು. ಎತ್ತಿನ ಹಿಂದೆ ಗಾಡಿ ಬಂದಿತು. ಗಾಡಿಯ ಹಿಂದೆ ಸುಂಕದವನು ಬಂದನು. ಸುಂಕದವನ ಹಿಂದೆ ದಂಡೂ ಬಂದಿತು. ದಾರಿಯ ಚರಿತ್ರೆಯೆಂದರೆ ಹೆಚ್ಚು ಕಡಮೆ ಇಷ್ಟೇ. ಆದರೆ ಈ ಸಾಲಿನಲ್ಲಿ ಹೇಳದೆ ಬಿಟ್ಟ ಮುಖ್ಯಾಂಶವೊಂದುಂಟು. ದಾರಿಯ ಪಕ್ಕದಲ್ಲಿ ಊರು ಹುಟ್ಟುತ್ತದೆ. ಊರು ಹುಟ್ಟಿ ಬೆಳೆದ ಮೇಲೆ ದಾರಿಯು ಬೇರೆ ಕಡೆಗೆ ತಿರುಗಿಬಿಟ್ಟರೆ ಆ ಊರಿನ ಗತಿಯೇನು? ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವುದು ಈ ಪ್ರಶ್ನೆಯನ್ನೇ. ಅದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾದ್ದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯೊಂದೇ ಸಾಕು.

ಈ ರಸ್ತೆಯ ನೆಲೆಗಳು ನಮ್ಮ ಸೀಮೆಯ ಎಲ್ಲರಿಗೂ ಪರಿಚಿತವಾದುವೇ. ಬೆಂಗಳೂರನ್ನು ಬಿಟ್ಟರೆ ಕೆಂಗೇರಿ, ಆಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಕೊನೆಗೆ ಮೈಸೂರು. ಒಟ್ಟು ದೂರ ಸುಮಾರು ೧೪೦ ಕಿಲೋಮೀಟರು; ಬೆಂಗಳೂರಿನಿಂದ ರಾಮನಗರಕ್ಕೆ ಸುಮಾರು ೫೦, ಚನ್ನಪಟ್ಟಣಕ್ಕೆ ಸುಮಾರು ೬೦. ಕೆಂಗೇರಿಯ ಬಳಿ ವೃಷಭಾವತಿ, ರಾಮನಗರದಲ್ಲಿ ಅರ್ಕಾವತಿ, ಚನ್ನಪಟ್ಟಣದ ಬಳಿ ಕಣ್ವ, ಮದ್ದೂರಿನಲ್ಲಿ ಶಿಂಷಾ, ಶ್ರೀರಂಗಪಟ್ಟಣದಲ್ಲಿ ಲೋಕಪಾವನಿ ಮತ್ತು ಕಾವೇರಿ, ಹೀಗೆ ಹೊಳೆಯಿಂದ ಹೊಳೆಗೆ ರಸ್ತೆಯು ಸಾಗುತ್ತದೆ. ಒಂದು ನೆಲೆಯಿಂದ ಮುಂದಿನ ನೆಲೆಗೆ ಇರುವ ದೂರ ಹತ್ತರಿಂದ ಇಪ್ಪತ್ತೈದು ಕಿಲೋಮೀಟರು. ಎಂದರೆ ಎತ್ತಿನ ಗಾಡಿಯು ಒಂದು ಹಗಲಿನಲ್ಲಿ ಸಾಗಬಲ್ಲಷ್ಟು. ಮದುವೆಯ ಮನೆಗಳಲ್ಲಿ ಬೀಗರಿಗೆ ಇಳಿದುಕೊಳ್ಳಲು ಬಿಡುವ ಮನೆಗೆ ‘ಬಿಡದಿ’ ಎನ್ನುತ್ತೇವಷ್ಟೆ. ಅದೇ ಹೆಸರಿನ ಊರೊಂದು ಈ ದಾರಿಯಲ್ಲಿ ಇರುವುದು ಪ್ರಯಾಣಿಕನಿಗೆ ಎಷ್ಟು ಹೊಂದಿಕೆಯಾದ ಮಾತು! ಈ ರಸ್ತೆಯ ಬಲಕ್ಕೆ ಮಾಗಡಿಯ ಸೀಮೆ, ಎಡಕ್ಕೆ ಕನಕಪುರದ ಸೀಮೆ. ಈ ನಾಲ್ಕು ತಾಲ್ಲೂಕುಗಳು ಸೇರಿ ೨೦೦೭ರಲ್ಲಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯದ ಮಂತ್ರಿಮಂಡಲವು ನಿರ್ಧರಿಸಿತು.

ಬಿಡದಿಯನ್ನು ದಾಟಿದೊಡನೆ ನೆಲದ ರೂಪವು ಬದಲಾಗುತ್ತದೆ. ರಾಮದೇವರ ಬೆಟ್ಟ, ಶಿವಗಿರಿ, ಉತ್ತರಕ್ಕೆ ಸಾವನದುರ್ಗ, ಹುತ್ರಿದುರ್ಗ, ದಕ್ಷಿಣಕ್ಕೆ ಕಬ್ಬಾಳದುರ್ಗ, ಎಲ್ಲವೂ ಬೋಳು ಬಂಡೆಯ ಗುಡ್ಡಗಳು. ಭೂಗರ್ಭಶಾಸ್ತ್ರಜ್ಞರು ಈ ಕಲ್ಲಿಗೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟು, ಅದರ ವಯಸ್ಸನ್ನು ಸುಮಾರು ೨೫೦ ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ಇಂಥ ಬಂಡೆಗಳ ನಡುವೆ ದಾರಿಯು ಸಂದುಗೊಂದುಗಳಲ್ಲಿ ನುಸುಳಿಯೇ ಹೋಗಬೇಕು. ಬಂಡೆಯ ತಲೆಯ ಮೇಲೆ ಕೋಟೆಯನ್ನು ಕಟ್ಟಿ ಕುಳಿತವನು ಕೆಳಗಿನ ದಾರಿಗೆ ಒಡೆಯನಾಗುತ್ತಾನೆ. ೧೬೩೮ರಲ್ಲಿ ಬಿಜಾಪುರದವರು ಬೆಂಗಳೂರನ್ನು ಹಿಡಿದಾಗ ಕೆಂಪೇಗೌಡರ ವಂಶದವರು ಮಾಗಡಿಗೆ ಸರಿದು ಸಾವನದುರ್ಗವನ್ನು ಆಶ್ರಯಿಸಿದುದರ ಮರ್ಮವು ಇದೇ. ೧೭೨೮ರಲ್ಲಿ ಅದು ಮೈಸೂರಿನವರ ವಶವಾಯಿತು. ಅದಕ್ಕೂ ಮೊದಲೇ, ೧೬೩೦ರಲ್ಲಿ, ಜಗದೇವರಾಯನ ವಂಶದ ರಾಜಧಾನಿಯಾಗಿದ್ದ ಚನ್ನಪಟ್ಟಣವನ್ನು ಮೈಸೂರಿನ ಚಾಮರಾಜ ಒಡೆಯರು ಗೆದ್ದುಕೊಂಡಿದ್ದರು.

ಈ ಕೋಟೆಗಳ ಬೆಲೆಯೇನೆಂಬುದನ್ನು ಇಂಗ್ಲಿಷರ ದಂಡು ಕಷ್ಟಪಟ್ಟು ಕಲಿಯಿತು. ೧೭೯೧ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಾಗ ಚನ್ನಪಟ್ಟಣದ ನೇರ ದಾರಿಯು ಟಿಪ್ಪು ಸುಲ್ತಾನನ ಕೈಯಲ್ಲಿದ್ದಿತು. ಆದುದರಿಂದ ಅವನು ಸುತ್ತು ದಾರಿಯನ್ನು ಹಿಡಿದು ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ಮೇಲೆ ಹೋದನು. ಊರುಗಳಲ್ಲಿ ಮೇವು ಸಿಕ್ಕಲಿಲ್ಲ, ಕಾಳು ಸಿಕ್ಕಲಿಲ್ಲ; ಎತ್ತುಗಳು ದಾರಿಯುದ್ದಕ್ಕೂ ಸತ್ತುವು. ಅರಕೆರೆಯ ಬಳಿ ಯುದ್ಧದಲ್ಲಿ ಗೆದ್ದರೂ ಭಾರವಾದ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಮೊದಲು ಸಾವನದುರ್ಗವನ್ನೂ ಆಮೇಲೆ ರಾಮಗಿರಿ ಶಿವಗಿರಿಗಳನ್ನೂ ಹಿಡಿದು, ಹೇರಿನ ದಾರಿಯನ್ನು ಭದ್ರಪಡಿಸಿಕೊಂಡ ಮೇಲೆ, ೧೭೯೨ರ ಫೆಬ್ರವರಿಯಲ್ಲಿ ಅವನು ಶ್ರೀರಂಗಪಟ್ಟಣದ ಮುಂದೆ ನಿಂತನು. ೧೭೯೯ರಲ್ಲಿ ಜನರಲ್ ಹ್ಯಾರಿಸನೂ ಕಾನಕಾನಹಳ್ಳಿ, ಮಳವಳ್ಳಿಗಳ ಮೇಲೆಯೇ ಬಂದನು. ಶತ್ರುವಿಗೆ ಆಸರೆಯಾಗಬಾರದೆಂದು ಟಿಪ್ಪುವು ಕಾನಕಾನಹಳ್ಳಿಯನ್ನು ಎರಡು ಸಲ ಹಾಳುಮಾಡಿಸಿದನಂತೆ. ದಾರಿಯ ಮೇಲಿರುವ ಊರಿಗೆ ಲಾಭವೂ ದಾರಿಯಿಂದಲೇ, ಕೇಡೂ ದಾರಿಯಿಂದಲೇ ಎಂಬುದಕ್ಕೆ ಕನಕಪುರವೇ ಸಾಕ್ಷಿ.

ಯುದ್ಧವು ಮುಗಿದ ಮೇಲೆ ದಾರಿಯನ್ನು ಕಾಪಾಡುವ ಭಾರವು ದಿವಾನ್ ಪೂರ್ಣಯ್ಯನವರ ಮೇಲೆ ಬಿದ್ದಿತು. ರಾಮಗಿರಿಯ ಸುತ್ತಲ ಪ್ರದೇಶ ಆಗ ದಟ್ಟವಾದ ಕಾಡು. ಪ್ರಯಾಣಿಕರಿಗೆ ಭಯದ ಸ್ಥಳ. ಹೆದ್ದಾರಿಗೆ ರಕ್ಷಣೆ ಬೇಕಾದರೆ ಕಾವಲುಗಾರರನ್ನು ನಿಲ್ಲಿಸುವುದಕ್ಕಿಂತ ಸಂಸಾರಗಳನ್ನು ನೆಲೆಗೊಳಿಸುವುದು ಮೇಲೆಂದು ಆ ಬುದ್ಧಿವಂತರು ತಿಳಿದರು. ೧೮೦೦ರಲ್ಲಿ ಅವರು ಅಲ್ಲಿ ಒಂದು ಪೇಟೆಯನ್ನು ಕಟ್ಟಿಸಿ, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನು ಅದಕ್ಕಿಟ್ಟರು. ಅದೇ ಕ್ಲೋಸ್‌ಪೇಟೆ, ಈ ಸೀಮೆಯವರೇ ಆಗಿ ಮುಂದೆ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರ ಕಾಲದಿಂದ ರಾಮನಗರ. ಎಂದರೆ, ಊರಿಗಾಗಿ ರಸ್ತೆಯಲ್ಲ, ರಸ್ತೆಗಾಗಿಯೇ ಊರು! ವಿನೋದವೇನೆಂದರೆ, ಕಳ್ಳಕಾಕರ ಭಯವನ್ನು ಕಳೆಯಲು ಕಟ್ಟಿದ ಇದೇ ಊರಿನ ಬಂಡೆಗಳನ್ನು ನೂರೆಪ್ಪತ್ತು ವರ್ಷಗಳಾದ ಮೇಲೆ ಚಲನಚಿತ್ರದವರು ದರೋಡೆಕಾರರ ಕಥೆಗಾಗಿ ಆರಿಸಿಕೊಂಡರು. ೧೯೭೫ರಲ್ಲಿ ತೆರೆಕಂಡ ‘ಶೋಲೆ’ಯನ್ನು ಇಲ್ಲಿಯೇ ಚಿತ್ರಿಸಿದುದು. ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲೇ ೧೮೦೨ರಿಂದ ೧೮೦೪ರೊಳಗೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯೂ ಆಯಿತು.

ಅದೇ ೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ದೇಶದ ಬೆಳೆ, ಕಸಬುಗಳನ್ನು ನೋಡಿ ಬರೆದುಕೊಳ್ಳುತ್ತ ಪ್ರಯಾಣಮಾಡಿದನು. ಚನ್ನಪಟ್ಟಣದಲ್ಲಿ ಅವನ ಕಣ್ಣಿಗೆ ಬಿದ್ದುವು ಎರಡು: ವೀಣೆ ಮೊದಲಾದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಮತ್ತು ಬಹು ಶುಭ್ರವಾದ ಸಕ್ಕರೆ. ದೂರದ ಊರುಗಳಿಗೆ ಹೋಗಿ ಮಾರಾಟವಾಗುವ ಇಂಥ ನಯವಾದ ಸರಕು ಹೆದ್ದಾರಿಯ ಪಕ್ಕದಲ್ಲಲ್ಲದೆ ಮತ್ತೆಲ್ಲಿ ಬೆಳೆದೀತು? ಈಗ ಆ ಊರಿಗೆ ಹೆಸರನ್ನು ತಂದಿರುವುದು ಮರದ ಗೊಂಬೆ. ಮೃದುವಾದ ಆಲೆ ಮರದ ತುಂಡನ್ನು ಲೇತಿನ ಮೇಲೆ ತಿರುಗಿಸಿ ಉಳಿಯಿಂದ ರೂಪುಗೊಳಿಸುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗರಿಯಿಂದ ತಿಕ್ಕಿದರೆ ಕನ್ನಡಿಯಂಥ ಮೆರುಗು. ಬೆಂಕಿಯಿಲ್ಲ, ಕುಂಚವಿಲ್ಲ. ಹಸುಗೂಸು ಬಾಯಿಗಿಟ್ಟುಕೊಳ್ಳುವ ಗಿಲಕಿಯನ್ನು ಇದಕ್ಕಿಂತ ಚೊಕ್ಕಟವಾಗಿ ಮಾಡುವ ಬಗೆ ಕಡಮೆಯೇ.

೧೮೩೧ರಲ್ಲಿ ಆಡಳಿತವು ಇಂಗ್ಲಿಷ್ ಕಮಿಷನರುಗಳ ಕೈಗೆ ಹೋಗಿ ಕಚೇರಿಗಳು ಬೆಂಗಳೂರಿಗೆ ಬಂದುವು; ಅರಮನೆಯು ಮೈಸೂರಿನಲ್ಲೇ ಉಳಿಯಿತು. ಅಲ್ಲಿಂದ ಈ ರಸ್ತೆಯು ಅರಮನೆಗೂ ಕಚೇರಿಗೂ ನಡುವಿನ ಓಣಿಯಂತಾಯಿತು. ೧೮೩೪ರಿಂದ ೧೮೬೧ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸಂಸ್ಥಾನದಲ್ಲಿ ಸಾವಿರ ಮೈಲಿಗೂ ಮಿಕ್ಕ ರಸ್ತೆಗಳಾದುವು. ೧೮೭೭ರ ಘೋರ ಕ್ಷಾಮದ ಬಳಿಕ ರಸ್ತೆಯ ಮಗ್ಗುಲಲ್ಲೇ ರೈಲು ಬಂದಿತು. ೧೮೮೨ರ ಹೊತ್ತಿಗೆ ಅದು ಮೈಸೂರನ್ನು ಮುಟ್ಟಿತು. ರೈಲು ಬಂದರೂ ರಸ್ತೆ ಸೊರಗಲಿಲ್ಲ. ಏಕೆಂದರೆ ರೈಲೂ ಈ ಊರುಗಳಲ್ಲೇ ನಿಲ್ಲುತ್ತಿದ್ದಿತು. ೧೯೪೮ರಲ್ಲಿ ಮೈಸೂರು ಸರ್ಕಾರವು ರಸ್ತೆ ಸಾರಿಗೆಯ ಇಲಾಖೆಯನ್ನು ತೆರೆದ ಮೇಲೆ ಸರ್ಕಾರಿ ಬಸ್ಸುಗಳೂ ಓಡಿದುವು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದಲ್ಲೇ ದೊಡ್ಡದೆಂಬ ಹೆಸರನ್ನು ಪಡೆಯಿತು. ಜಾನಪದದ ಆಸಕ್ತರಾದ ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ಈ ರಸ್ತೆಯ ಪಕ್ಕದಲ್ಲೇ ಜಾನಪದ ಲೋಕವನ್ನು ಸ್ಥಾಪಿಸಿದರು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಕೆಂಗಲ್ಲಿನಲ್ಲಿ ಆಂಜನೇಯನಿಗೊಂದು ಕೈಮುಗಿತ, ಚನ್ನಪಟ್ಟಣದಲ್ಲಿ ಗೊಂಬೆ, ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನ ದರ್ಶನ, ಮದ್ದೂರಿನಲ್ಲಿ ವಡೆ. ಹೀಗೆ ಸಂಸಾರಿಗರ ಮೈಸೂರು ಪ್ರಯಾಣವೆಂದರೆ ಊರೂರಿನ ಋಣವನ್ನು ತೀರಿಸುತ್ತ ಹೋಗುವುದೇ ಆಗಿದ್ದಿತು.

ಇಲ್ಲಿಗೆ ಹಳೆಯ ಕಥೆಯು ಮುಗಿಯಿತು. ರಾಜ್ಯದ ೧೭ನೆಯ ನಂಬರಿನ ಹೆದ್ದಾರಿಯಾಗಿದ್ದ ಈ ದಾರಿಯು ೨೭೫ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೇರಿತು. ಸುಮಾರು ೮,೪೮೦ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಕಟ್ಟಿದ ೧೧೮ ಕಿಲೋಮೀಟರಿನ ಹೊಸ ರಸ್ತೆಯನ್ನು ೨೦೨೩ರ ಮಾರ್ಚಿ ೧೨ರಂದು ಪ್ರಧಾನಮಂತ್ರಿಗಳು ಲೋಕಾರ್ಪಣೆ ಮಾಡಿದರು. ನಡುವೆ ಆರು ಸಾಲುಗಳ ಮುಖ್ಯ ರಸ್ತೆ; ಅದರ ಮಗ್ಗುಲಲ್ಲಿ ಸ್ಥಳೀಯರ ಓಡಾಟಕ್ಕಾಗಿ ಬೇರೆ ರಸ್ತೆ. ಮೂರು ಗಂಟೆಯ ಪ್ರಯಾಣವು ಒಂದೂಕಾಲು ಗಂಟೆಗೆ ಇಳಿಯುವುದೆಂದು ಸರ್ಕಾರವು ಸಾರಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಈ ಎಲ್ಲ ಊರುಗಳನ್ನೂ ಅದು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಎರಡು ದಿನಗಳೊಳಗೆ ಸುಂಕದ ವಸೂಲಿಯೂ ಆರಂಭವಾಯಿತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ‘ಸುಂಕದಕಟ್ಟೆ’ಯ ಹೆಸರನ್ನು ಬಲ್ಲವರಿಗೆ ಇದೇನೂ ಹೊಸದಾಗಿ ತೋರಲಾರದು.

ಹೊಸ ರಸ್ತೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸುವವರಿಗೆ ಒಂದು ಗಂಟೆಯ ಉಳಿತಾಯವೆಂದರೆ ಸಾಮಾನ್ಯವಲ್ಲ. ಊರಿನ ನಡುವೆ ಲಾರಿಗಳ ಸಾಲು ಹೊಗೆಯುಗುಳುತ್ತ ನಿಲ್ಲುತ್ತಿದ್ದುದು ತಪ್ಪಿದುದೂ ಉಪಕಾರವೇ. ಆದರೆ ವೇಗಕ್ಕೆ ಕ್ರಯವೂ ಉಂಟು. ೨೦೨೩ನೆಯ ವರ್ಷದ ಮೊದಲ ಏಳೆಂಟು ತಿಂಗಳುಗಳಲ್ಲಿ ನೂರಕ್ಕೂ ಹೆಚ್ಚು ಜನ ಈ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು. ಆ ಬಳಿಕವೇ ಗಂಟೆಗೆ ನೂರು ಕಿಲೋಮೀಟರಿನ ಮಿತಿಯನ್ನು ಯಂತ್ರಗಳಿಂದ ಅಳೆದು ದಂಡ ಹಾಕತೊಡಗಿದುದು. ಲೋಕಾರ್ಪಣೆಗೆ ಮುಂಚೆಯೇ, ೨೦೨೨ರ ಆಗಸ್ಟ್ ಕೊನೆಯ ಮಳೆಗೆ ಕೆರೆಗಳು ತುಂಬಿ ಹರಿದಾಗ, ರಾಮನಗರದ ಬಳಿ ವಾಹನಗಳು ಹೆದ್ದಾರಿಯ ನೀರಿನಲ್ಲಿ ಸಿಕ್ಕಿಕೊಂಡುವು. ನೀರಿಗೂ ತನ್ನದೇ ಆದ ಹಳೆಯ ಮಾರ್ಗವಿದೆ. ಏರಿಯನ್ನು ಹಾಕುವವರು ಅದನ್ನು ಕೇಳಿಕೊಂಡು ಹಾಕಬೇಕು. ಇನ್ನು ಗೊಂಬೆಯ ಅಂಗಡಿಯವರು, ಹೋಟೆಲಿನವರು, ಎಳನೀರು ಮಾರುವವರು, ದಾರಿಹೋಕರನ್ನೇ ನಂಬಿದ್ದ ಇವರೆಲ್ಲ ವ್ಯಾಪಾರ ಬಿದ್ದುಹೋಯಿತೆಂದು ದೂರಿಕೊಂಡರು. ಇನ್ನೂರು ವರ್ಷ ದಾರಿಯನ್ನು ಕಾದ ಊರಿನ ಕಡೆಗೆ ದಾರಿಯು ತಿರುಗಿಯೂ ನೋಡದೆ ಹೋಗುವಂತಾಯಿತು.

ಇದು ನಮ್ಮೊಬ್ಬರ ಪಾಡೇ ಅಲ್ಲ. ಕೆನಡಾ ದೇಶದ ಒಂಟೇರಿಯೋ ಪ್ರಾಂತ್ಯದಲ್ಲಿ, ಪೂರ್ಣಯ್ಯನವರು ಕ್ಲೋಸ್‌ಪೇಟೆಯನ್ನು ಕಟ್ಟಿಸಿದ ಕಾಲಕ್ಕೇ, ೧೭೯೯–೧೮೦೦ರಲ್ಲಿ, ಯಾರ್ಕ್ ಪಟ್ಟಣದಿಂದ, ಎಂದರೆ ಈಗಿನ ಟೊರಾಂಟೋವಿನಿಂದ, ಪೂರ್ವಕ್ಕೆ ಕಾಡನ್ನು ಕಡಿದು ಡ್ಯಾನ್‌ಫರ್ತ್ ಎಂಬಾತನು ದಾರಿಯೊಂದನ್ನು ಮಾಡಿದನು. ಆ ಸೀಮೆಯ ದಾರಿಗಳೇ ಮುಂದೆ ಸೇರಿ ಎರಡನೆಯ ನಂಬರಿನ ಹೆದ್ದಾರಿಯಾದುವು. ಕಿಂಗ್‌ಸ್ಟನ್ ಮೊದಲಾದ ಊರುಗಳನ್ನು ಪೋಣಿಸಿದ ದಾರವಾದುವು. ೧೯೬೮ರ ಹೊತ್ತಿಗೆ ೪೦೧ನೆಯ ನಂಬರಿನ ಅತಿವೇಗದ ಹೆದ್ದಾರಿಯು ಪೂರ್ಣವಾಗಿ, ದೂರದ ವಾಹನಗಳೆಲ್ಲ ಅತ್ತ ಹೋದುವು. ೧೯೯೭–೯೮ರಲ್ಲಿ ಪ್ರಾಂತ್ಯದ ಸರ್ಕಾರವು ಹಳೆಯ ರಸ್ತೆಯ ಬಹುಭಾಗವನ್ನು ಆಯಾ ಸ್ಥಳದ ಪೌರಸಭೆಗಳಿಗೆ ಒಪ್ಪಿಸಿಬಿಟ್ಟಿತು. ರಸ್ತೆಯೊಡನೆ ಅದರ ರಿಪೇರಿಯ ಖರ್ಚೂ ಊರಿನವರ ತಲೆಗೇ ಬಂದಿತು. ಹೆದ್ದಾರಿಯು ಹೆದ್ದಾರಿಯೆಂಬ ಹೆಸರನ್ನು ಕಳೆದುಕೊಂಡ ದಿನವೇ ಅದರ ಯೋಗಕ್ಷೇಮವನ್ನು ಕೇಳುವವರು ಬದಲಾಗುತ್ತಾರೆಂಬುದನ್ನು ನಾವು ಇದರಿಂದ ತಿಳಿಯಬೇಕು.

ನಮ್ಮಲ್ಲಿ ಇದು ಇನ್ನೂ ಹೆಚ್ಚು ವಿಚಾರಾರ್ಹವಾದುದು. ೨೦೨೩ರ ಆಗಸ್ಟ್ ೧ರಿಂದ ಹೊಸ ಮುಖ್ಯ ರಸ್ತೆಯ ಮೇಲೆ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿಗಳಿಗೆ ನಿಷೇಧವಾಯಿತು. ಅಪಘಾತಗಳನ್ನು ನೋಡಿದರೆ ಈ ನಿಷೇಧವು ನ್ಯಾಯವೇ. ಕೌಟಿಲ್ಯನೂ ರಾಜಮಾರ್ಗದ ಅಗಲವನ್ನು ವಿಧಿಸಿ, ರಥಕ್ಕೆ ಬೇರೆ, ದನಕ್ಕೆ ಬೇರೆ, ಕಾಲ್ನಡೆಯ ಮನುಷ್ಯರಿಗೂ ಆಡುಕುರಿಗಳಿಗೂ ಬೇರೆ ದಾರಿಯನ್ನು ಹೇಳಿದ್ದಾನೆ. ಆದರೆ ಅವನ ಶಾಸ್ತ್ರದಲ್ಲಿ ಕಾಲ್ನಡೆಯವನ ದಾರಿ ಎರಡು ಮೊಳವಾದರೂ ಅದು ದಾರಿಯೇ. ಅದಕ್ಕೆ ಅಡ್ಡಿಮಾಡಿದವನಿಗೆ ದಂಡವೂ ಉಂಟು. ಒಂದು ರಸ್ತೆಯಿಂದ ಬಡವನ ವಾಹನವನ್ನು ಹೊರಗಿಟ್ಟ ಮೇಲೆ ಅವನಿಗೆ ಉಳಿದ ಇನ್ನೊಂದು ರಸ್ತೆಯು ಗುಂಡಿಯಿಲ್ಲದೆ, ದೀಪವುಳ್ಳದ್ದಾಗಿ, ಮಗುವಿನ ಕೈಹಿಡಿದ ತಾಯಿ ನಿರ್ಭಯವಾಗಿ ದಾಟುವಂಥದ್ದಾಗಿ ಇರಬೇಕಾದುದು ಧರ್ಮ. ಗೂಡಿನ ಮೂಟೆಯನ್ನು ಬೈಕಿಗೆ ಕಟ್ಟಿಕೊಂಡು ಮಾರುಕಟ್ಟೆಗೆ ಬರುವ ರೈತನಿಗೂ, ಆಟೋದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಹಳೆಯ ರಸ್ತೆಯೇ ರಾಜಮಾರ್ಗ.

ನೆರಳಿನ ಮಾತನ್ನೂ ಇಲ್ಲಿ ಹೇಳಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ರಸ್ತೆಯ ಬದಿಯಲ್ಲಿ ಸುಮಾರು ೩೮೫ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮಕ್ಕಳಂತೆ ಬೆಳೆಸಿದರು. ಓದು ಬರಹವಿಲ್ಲದ ಕೂಲಿಯ ಹೆಂಗಸೊಬ್ಬಳಿಗೆ ೨೦೧೯ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲಮಾಡುವ ಕೆಲಸದಿಂದ ಆ ಮರಗಳಿಗೇ ಕುತ್ತು ಬಂದಿತ್ತು. ತಿಮ್ಮಕ್ಕನವರು ಸರ್ಕಾರದ ಮುಂದೆ ಹೋಗಿ ನಿಂತರು. ಮರಗಳನ್ನು ಉಳಿಸುವೆವೆಂದು ಸರ್ಕಾರವು ಮಾತು ಕೊಟ್ಟಿತು. ರಸ್ತೆಯನ್ನು ಕಟ್ಟಲು ಕೋಟಿ ಬೇಕು. ರಸ್ತೆಯನ್ನು ಬಾಳುವಂತೆ ಮಾಡಲು ಒಂದು ಕೊಡ ನೀರು ಸಾಕು.

ಮುಂದೆಯೂ ರಸ್ತೆಗಳು ಬರುತ್ತವೆ. ದಾಬಸ್‌ಪೇಟೆ, ದೇವನಹಳ್ಳಿ, ಹೊಸಕೋಟೆ, ಆನೇಕಲ್ಲುಗಳನ್ನು ಸುತ್ತುವ ಸುಮಾರು ೨೮೦ ಕಿಲೋಮೀಟರಿನ ವರ್ತುಲ ರಸ್ತೆಯ ಯೋಜನೆಯಲ್ಲಿ ಕನಕಪುರ, ರಾಮನಗರ, ಮಾಗಡಿಗಳೂ ಸೇರಿವೆ. ಬರುವುದು ಬರಲಿ. ಆದರೆ ಪ್ರತಿಯೊಂದು ಹೊಸ ರಸ್ತೆಯ ಲೆಕ್ಕದಲ್ಲಿಯೂ ಅದು ಬಿಟ್ಟುಹೋಗುವ ಹಳೆಯ ರಸ್ತೆಯ ರಿಪೇರಿಗೆಂದು ಒಂದು ಬಾಬತ್ತು ಇರಲೇಬೇಕೆಂದು ನಾವು ಕೇಳಬೇಕು. ಕೇಳತಕ್ಕವರು ಊರಿನ ಗೃಹಸ್ಥರೇ. ನಗರಸಭೆಯ ಸದಸ್ಯರು ಮನೆಯ ಬಾಗಿಲಿಗೆ ಬಂದಾಗ ನಲ್ಲಿಯ ನೀರನ್ನು ಕೇಳುವಂತೆಯೇ ಕಾಲುದಾರಿಯನ್ನೂ ಸಾಲುಮರವನ್ನೂ ಕೇಳೋಣ.

ಇನ್ನು ಮನೆಯಲ್ಲೇ ಮಾಡಬಹುದಾದ ಸಣ್ಣ ಕೆಲಸವೊಂದುಂಟು. ಮೈಸೂರಿನ ಕಡೆಗೆ ಅವಸರವಿಲ್ಲದ ಪ್ರಯಾಣವೊಂದು ಒದಗಿದಾಗ, ಹೋಗುವಾಗಲೋ ಬರುವಾಗಲೋ, ಹಳೆಯ ರಸ್ತೆಯಲ್ಲಿ ಹೋಗಿರಿ. ಅರ್ಕಾವತಿಯ ಸೇತುವೆಯ ಹತ್ತಿರ ವಾಹನವನ್ನು ನಿಧಾನಿಸಿ ಮಕ್ಕಳಿಗೆ ರಾಮದೇವರ ಬೆಟ್ಟವನ್ನು ತೋರಿಸಿರಿ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಮನೆಯ ಮುಂದೆ ನಿಂತು, ಅರಗು ಕರಗಿ ಮರಕ್ಕೆ ಹತ್ತುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಒಂದು ಗಿಲಕಿಯನ್ನೋ ಬುಗುರಿಯನ್ನೋ ಮಾಡಿದವರ ಕೈಯಿಂದಲೇ ಕೊಂಡುಕೊಳ್ಳಲಿ. ತಡವಾಗುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಒಂದು ಮನೆಯ ಅಂದಿನ ಒಲೆ ಉರಿಯುತ್ತದೆ.